ಗ್ರಂಥಸೂಚಿಯ ಗಣಿತಜ್ಞ: ಶಿಯಾಳಿ ರಾಮಾಮೃತ ರಂಗನಾಥನ್

1924ರ ಜನವರಿ. ಮದರಾಸು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ವಯಸ್ಸಿನ ಗಣಿತದ ಅಧ್ಯಾಪಕರೊಬ್ಬರು ಗ್ರಂಥಪಾಲಕರಾಗಿ ಅಧಿಕಾರ ವಹಿಸಿಕೊಂಡರು. ಸುತ್ತಲೂ ಪುಸ್ತಕಗಳಿದ್ದವು, ಓದುವವರು ಮಾತ್ರ ವಿರಳವಾಗಿದ್ದರು. ದಿನವಿಡೀ ಮಾಡಲು ಕೆಲಸವಿಲ್ಲ, ಮಾತನಾಡಲು ವಿದ್ಯಾರ್ಥಿಗಳಿಲ್ಲ. ತರಗತಿಯ ಗದ್ದಲಕ್ಕೆ ಒಗ್ಗಿದ ಆ ಮನಸ್ಸಿಗೆ ಈ ಮೌನವು ಸೆರೆಮನೆಯಂತೆ ತೋರಿತು. ಕೆಲವೇ ದಿನಗಳಲ್ಲಿ ಅವರು ಮೇಲಧಿಕಾರಿಗಳ ಬಳಿಗೆ ಹೋಗಿ ತಮ್ಮನ್ನು ಮರಳಿ ಪಾಠದ ಕೆಲಸಕ್ಕೆ ಕಳುಹಿಸಬೇಕೆಂದು ಬೇಡಿಕೊಂಡರು. ಅಂದು ಆ ಬೇಡಿಕೆ ಈಡೇರಿದ್ದರೆ ಭಾರತಕ್ಕೆ ಒಬ್ಬ ಗಣಿತದ ಪ್ರಾಧ್ಯಾಪಕ ಹೆಚ್ಚಾಗುತ್ತಿದ್ದ, ಜಗತ್ತಿಗೆ ಎಸ್. ಆರ್. ರಂಗನಾಥನ್ ದೊರೆಯುತ್ತಿರಲಿಲ್ಲ.

ರಂಗನಾಥನ್ ಅವರು ಹುಟ್ಟಿದ್ದು 1892ರ ಆಗಸ್ಟ್ ತಿಂಗಳಲ್ಲಿ, ತಂಜಾವೂರು ಸೀಮೆಯ ಶಿಯಾಳಿಯಲ್ಲಿ. ಇಂದು ಅದನ್ನು ಸೀರ್ಕಾಳಿ ಎನ್ನುತ್ತಾರೆ. ದೇಶದ ಗ್ರಂಥಾಲಯಗಳು ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುವುದು ಇವರ ನೆನಪಿಗಾಗಿಯೇ. ತಂದೆ ರಾಮಾಮೃತ ಅಯ್ಯರ್ ಅಲ್ಪಸ್ವಲ್ಪ ಜಮೀನುಳ್ಳವರು, ರಾಮಾಯಣವನ್ನು ನಾಲ್ಕು ಜನರ ನಡುವೆ ಓದಿ ಅರ್ಥ ಹೇಳುತ್ತಿದ್ದವರು. ಮಗನಿಗೆ ಆರು ವರ್ಷವಾಗುವಷ್ಟರಲ್ಲಿ ಅವರು ತೀರಿಕೊಂಡರು. ಹುಡುಗನಿಗೆ ಮಾತು ತೊದಲುತ್ತಿತ್ತು. ಮುಂದೆ ಗಂಟೆಗಟ್ಟಲೆ ಪಾಠ ಹೇಳಬಲ್ಲವರಾದ ಈ ಮನುಷ್ಯನು ಬಾಲ್ಯದಲ್ಲಿ ಒಂದು ವಾಕ್ಯವನ್ನು ಪೂರ್ತಿ ಮಾಡಲು ಕಷ್ಟಪಟ್ಟವನೆಂಬುದನ್ನು ಮರೆಯಬಾರದು. ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರ ಬಳಿ ಗಣಿತ ಕಲಿತು 1916ರಲ್ಲಿ ಎಂ.ಎ. ಮುಗಿಸಿದರು, ಸೈದಾಪೇಟೆಯ ಅಧ್ಯಾಪಕರ ಕಾಲೇಜಿನಲ್ಲಿ ಬೋಧನ ತರಬೇತಿ ಪಡೆದರು.

ಮೊದಲ ನೌಕರಿ ದೊರೆತದ್ದು 1917ರಲ್ಲಿ, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಆಗ ದಕ್ಷಿಣ ಕನ್ನಡ ಜಿಲ್ಲೆಯು ಕಾಸರಗೋಡನ್ನೂ ಒಳಗೊಂಡು ಮದರಾಸು ಪ್ರಾಂತ್ಯದ ಭಾಗವಾಗಿತ್ತು. ಆದ್ದರಿಂದ ತಂಜಾವೂರಿನ ತರುಣನು ಕನ್ನಡ ಕರಾವಳಿಗೆ ಬರುವುದು ಒಂದು ಸರ್ಕಾರಿ ವರ್ಗಾವಣೆಯಷ್ಟೇ ಸಹಜ. ಅಲ್ಲಿಂದ ಕೊಯಮತ್ತೂರು, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಕನ್ನಡದ ನೆಲಕ್ಕೂ ಅವರಿಗೂ ಇದ್ದ ನಂಟು ಮಂಗಳೂರಿನಿಂದ ಆರಂಭವಾಗಿ, ನಲವತ್ತು ವರ್ಷಗಳ ಬಳಿಕ ಬೆಂಗಳೂರಿನಲ್ಲಿ ಮತ್ತೆ ಕೂಡಿಕೊಂಡಿತು.

ಮದರಾಸು ವಿಶ್ವವಿದ್ಯಾಲಯವು ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆದಾಗ ಸುಮಾರು ಒಂಬೈನೂರು ಜನ ಅರ್ಜಿ ಹಾಕಿದ್ದರೆಂದು ಹೇಳುತ್ತಾರೆ. ಅವರಲ್ಲಿ ಗ್ರಂಥಾಲಯ ಶಾಸ್ತ್ರವನ್ನು ಕಲಿತವರು ಒಬ್ಬರೂ ಇರಲಿಲ್ಲ. ರಂಗನಾಥನ್ ಅವರೂ ಕಲಿತಿರಲಿಲ್ಲ. ಸಂದರ್ಶನಕ್ಕೆ ಕೆಲವು ದಿನ ಮೊದಲು ಬ್ರಿಟಾನಿಕಾ ವಿಶ್ವಕೋಶದಲ್ಲಿ ಗ್ರಂಥಾಲಯದ ಬಗೆಗಿದ್ದ ಲೇಖನವನ್ನು ಓದಿಕೊಂಡದ್ದೇ ಅವರ ಒಟ್ಟು ಸಿದ್ಧತೆ. ಸ್ನೇಹಿತರ ಒತ್ತಾಯಕ್ಕೆ ಹೋದವರಿಗೆ ಹುದ್ದೆ ದೊರೆಯಿತು. ದೊರೆತ ಹುದ್ದೆಯು ಹೇಗೆ ಬೇಸರ ತಂದಿತೆಂಬುದನ್ನು ಆಗಲೇ ನೋಡಿದೆವು. ವಿಶ್ವವಿದ್ಯಾಲಯವು ಒಂದು ಒಪ್ಪಂದಕ್ಕೆ ಬಂದಿತು. ಅವರು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯ ಶಾಸ್ತ್ರವನ್ನು ಕಲಿತು ಬರಬೇಕು. ಹಿಂದಿರುಗಿದ ಮೇಲೂ ಬೇಸರ ಕಳೆಯದಿದ್ದರೆ ಗಣಿತದ ಕೆಲಸಕ್ಕೆ ಮರಳಬಹುದು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರ ಗುರುಗಳಾದವರು ಬರ್ವಿಕ್ ಸೇಯರ್ಸ್. ಸೇಯರ್ಸ್ ಅವರು ಕ್ರಾಯ್ಡನ್ ನಗರದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ರಂಗನಾಥನ್ ಪಾಠಕ್ಕಿಂತ ಹೆಚ್ಚಾಗಿ ಗ್ರಂಥಾಲಯಗಳನ್ನು ಸುತ್ತಿದರು. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಕಣ್ಣಾರೆ ಕಂಡರು. ಮಕ್ಕಳು, ಕೂಲಿಕಾರರು, ಮನೆವಾಳ್ತೆಯ ಹೆಂಗಸರು ಅಲ್ಲಿ ಪುಸ್ತಕ ಹಿಡಿದು ಕುಳಿತಿದ್ದರು. ತಮ್ಮ ಮದರಾಸಿನ ನಿರ್ಜನ ಕೋಣೆಯ ಬೇಸರಕ್ಕೆ ಕಾರಣವು ಪುಸ್ತಕಗಳಲ್ಲ, ಜನರನ್ನು ಪುಸ್ತಕಗಳ ಬಳಿಗೆ ಬಿಡದ ವ್ಯವಸ್ಥೆಯೇ ಎಂಬುದು ಅವರಿಗೆ ಅಲ್ಲಿ ಹೊಳೆಯಿತು.

ಇನ್ನೊಂದು ಸಂಗತಿ ಗಣಿತಜ್ಞನ ಕಣ್ಣಿಗೆ ಬಿದ್ದಿತು. ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದ್ದ ವರ್ಗೀಕರಣ ಪದ್ಧತಿಗಳು ಮೊದಲೇ ಸಿದ್ಧಪಡಿಸಿದ ಪಟ್ಟಿಗಳಾಗಿದ್ದವು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಮಾಂಶ ವರ್ಗೀಕರಣವು ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತಾಗಿ ಒಡೆಯುತ್ತ ಹೋಗುತ್ತದೆ. ಪಟ್ಟಿಯಲ್ಲಿರುವ ವಿಷಯಕ್ಕೆ ಸಂಖ್ಯೆಯುಂಟು. ಇಲ್ಲದ ಹೊಸ ವಿಷಯ ಬಂದರೆ ಅದನ್ನು ಹತ್ತಿರದ ಯಾವುದೋ ಮನೆಗೆ ಒಕ್ಕಲಾಗಿಸಬೇಕು. ಇದು ಸರಿಯಲ್ಲವೆಂದು ರಂಗನಾಥನ್ ಅವರಿಗೆ ಅನಿಸಿತ್ತು. ಸರಿಯಾದುದು ಯಾವುದೆಂದು ತಿಳಿದಿರಲಿಲ್ಲ. ಒಂದು ದಿನ ಲಂಡನ್ನಿನ ಸೆಲ್ಫ್ರಿಜಸ್ ಎಂಬ ದೊಡ್ಡ ಅಂಗಡಿಯ ಆಟಿಕೆ ವಿಭಾಗದಲ್ಲಿ ಮೆಕ್ಯಾನೊ ಎಂಬ ಆಟದ ಸಾಮಾನನ್ನು ಮಾರುವವನು ತೋರಿಸುತ್ತಿದ್ದನು. ಕೆಲವು ತೂತಿನ ಪಟ್ಟಿಗಳು, ಗಾಲಿಗಳು, ತಿರುಪು ಮೊಳೆಗಳು. ಅವನ್ನೇ ಒಮ್ಮೆ ಜೋಡಿಸಿದರೆ ಸೇತುವೆ, ಬಿಚ್ಚಿ ಇನ್ನೊಮ್ಮೆ ಜೋಡಿಸಿದರೆ ಬಂಡಿ. ಪುಸ್ತಕದ ವಿಷಯವನ್ನೂ ಹೀಗೆಯೇ ಬಿಡಿಭಾಗಗಳಿಂದ ಕಟ್ಟಬಹುದಲ್ಲವೆ ಎಂಬ ಆಲೋಚನೆ ಅಲ್ಲಿ ಮೊಳೆಯಿತು. ಪಟ್ಟಿಗಳನ್ನು ಬಿಗಿಯುವ ತಿರುಪಿನ ಸ್ಥಾನದಲ್ಲಿ ಅವರು ಕೋಲನ್ ಚಿಹ್ನೆಯನ್ನು, ಅಂದರೆ ಒಂದರ ಮೇಲೊಂದಿರುವ ಎರಡು ಚುಕ್ಕೆಗಳನ್ನು ಇಟ್ಟರು. 1925ರಲ್ಲಿ ಭಾರತಕ್ಕೆ ಹಿಂದಿರುಗುವಾಗ ಹಡಗಿನಲ್ಲಿದ್ದ ಪುಟ್ಟ ಗ್ರಂಥಾಲಯದ ಪುಸ್ತಕಗಳ ಮೇಲೆಯೇ ಈ ಪದ್ಧತಿಯನ್ನು ಪರೀಕ್ಷಿಸಿ ನೋಡಿದರು.

ಮದರಾಸಿನಲ್ಲಿ ಮತ್ತೆ ಬೇಸರದ ಮಾತು ಬರಲಿಲ್ಲ. ಕಪಾಟುಗಳನ್ನು ಓದುಗರಿಗೆ ತೆರೆದರು. ಗ್ರಂಥಾಲಯದ ವೇಳೆಯನ್ನು ಹೆಚ್ಚಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವು ಸ್ಥಾಪನೆಯಾಯಿತು. ಮರುವರ್ಷ ಗ್ರಂಥಪಾಲಕರ ತರಬೇತಿ ಆರಂಭವಾಯಿತು. ಇಪ್ಪತ್ತು ವರ್ಷ ಅವರು ರಜೆಯನ್ನೇ ಪಡೆಯಲಿಲ್ಲವೆಂದು ಹೇಳುವುದುಂಟು. ಇಂಥ ದುಡಿಮೆಗೆ ಮನೆಯವರು ತೆತ್ತ ಬೆಲೆ ಎಷ್ಟೆಂಬುದನ್ನು ಸ್ತುತಿಲೇಖನಗಳು ಹೇಳುವುದಿಲ್ಲ. 1928ರಲ್ಲಿಯೇ ಪತ್ನಿ ರುಕ್ಮಿಣಿಯವರು ಅಪಘಾತದಲ್ಲಿ ತೀರಿಕೊಂಡರು. ಮರುವರ್ಷದ ಕೊನೆಯಲ್ಲಿ ಶಾರದಾ ಅವರೊಂದಿಗೆ ವಿವಾಹವಾಯಿತು. ಈ ಎರಡು ಘಟನೆಗಳ ಆಸುಪಾಸಿನಲ್ಲಿಯೇ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ರೂಪುಗೊಂಡು 1931ರಲ್ಲಿ ಪುಸ್ತಕವಾಗಿ ಪ್ರಕಟವಾದವು. ಪುಸ್ತಕವಿರುವುದು ಬಳಸುವುದಕ್ಕೆ, ಕಾಯುವುದಕ್ಕಲ್ಲ ಎಂಬುದು ಮೊದಲನೆಯದು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕೆಂಬುದು ಮುಂದಿನೆರಡು. ಓದುಗನ ವೇಳೆ ಉಳಿಯಬೇಕೆಂಬುದು ನಾಲ್ಕನೆಯದು, ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ಐದನೆಯದು. ಓದಿದರೆ ಇಷ್ಟೇ ತಾನೆ ಎನ್ನಿಸುವಷ್ಟು ಸರಳ. ಆದರೆ ಮೂರನೆಯ ಮತ್ತು ನಾಲ್ಕನೆಯ ಸೂತ್ರಗಳನ್ನು ಒಟ್ಟಿಗೆ ಪಾಲಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ಅವರ ಉಳಿದ ನಲವತ್ತು ವರ್ಷಗಳು ಕಳೆದವು.

1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟವಾಯಿತು. ಅದರ ರೀತಿಯನ್ನು ತಿಳಿಯಲು ಒಂದು ಪುಸ್ತಕವನ್ನು ಊಹಿಸಿಕೊಳ್ಳಬಹುದು. ಸೊಲ್ಲಾಪುರ ಜಿಲ್ಲೆಯಲ್ಲಿ ಒಂದು ಕಾಲದಲ್ಲಿ ಜೋಳಕ್ಕೆ ತಗುಲಿದ ಕಾಡಿಗೆ ರೋಗವನ್ನು ಕುರಿತ ಪುಸ್ತಕವಿದೆ ಎನ್ನೋಣ. ಮುಖ್ಯ ವಿಷಯ ಕೃಷಿ. ಅದರೊಳಗೆ ಜೋಳವೆಂಬ ಬೆಳೆ, ರೋಗವೆಂಬ ಸಮಸ್ಯೆ, ಸೊಲ್ಲಾಪುರವೆಂಬ ಸ್ಥಳ, ಆ ಕಾಲ. ಹೀಗೆ ಒಂದು ವಿಷಯಕ್ಕೆ ಹಲವು ಮುಖಗಳು. ಪ್ರತಿ ಮುಖಕ್ಕೂ ಬೇರೆ ಬೇರೆ ಪಟ್ಟಿ. ಬೇಕಾದುದನ್ನು ಆರಿಸಿ ಗೊತ್ತಾದ ಕ್ರಮದಲ್ಲಿ ಜೋಡಿಸಿದರೆ ಸಂಖ್ಯೆ ಸಿದ್ಧ. ಪಟ್ಟಿ ಮಾಡಿದವನು ಸೊಲ್ಲಾಪುರದ ಜೋಳದ ಕಾಡಿಗೆ ರೋಗವನ್ನು ಕನಸಿನಲ್ಲಿಯೂ ನೆನೆದಿರಬೇಕಾಗಿಲ್ಲ. ಮುಂದೆ 1950ರ ದಶಕದ ಆರಂಭದಲ್ಲಿ ಅವರು ಈ ಮುಖಗಳನ್ನೆಲ್ಲ ಐದು ಮೂಲವರ್ಗಗಳಿಗೆ ಇಳಿಸಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ನೈಯಾಯಿಕ ವೈಶೇಷಿಕರ ಪದಾರ್ಥವಿಚಾರವನ್ನು ಓದಿದವರಿಗೆ ಈ ಹೆಸರುಗಳು ಅಷ್ಟೇನೂ ಅಪರಿಚಿತವಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಕೋಲನ್ ವರ್ಗೀಕರಣದ ಸಾಹಿತ್ಯ ವಿಭಾಗವನ್ನು ಒಮ್ಮೆಯಾದರೂ ತೆರೆದು ನೋಡಬೇಕು. ಅಲ್ಲಿ ಕೃತಿಯನ್ನು ಭಾಷೆ, ಪ್ರಕಾರ, ಕರ್ತೃ, ಕೃತಿ ಎಂಬ ನಾಲ್ಕು ಮುಖಗಳಿಂದ ಗುರುತಿಸುತ್ತಾರೆ. ಪ್ರಕಾರಗಳಲ್ಲಿ ಕಾವ್ಯಕ್ಕೆ 1, ನಾಟಕಕ್ಕೆ 2, ಕಥೆ ಕಾದಂಬರಿಗಳಿಗೆ 3. ಹೀಗೆ ಸಾಗಿ 7ನ್ನು ಅವರು ಚಂಪೂವಿಗೆ ಮೀಸಲಿಟ್ಟಿದ್ದಾರೆ. ಡ್ಯೂಯಿಯ ದಶಮಾಂಶದಲ್ಲಿ ಇಲ್ಲದ ಗೌರವ ಇದು. ಪಂಪನ ಆದಿಪುರಾಣಕ್ಕೂ ವಿಕ್ರಮಾರ್ಜುನ ವಿಜಯಕ್ಕೂ ತಮ್ಮದೇ ಮನೆ ದೊರೆತಂತಾಯಿತು. ಆದರೆ ಕರ್ತೃವನ್ನು ಗುರುತಿಸುವ ಬಗೆ ನಮ್ಮ ಸಾಹಿತ್ಯಕ್ಕೆ ತೊಡಕಿನದು. ಹೆಸರಿನ ಬದಲು ಹುಟ್ಟಿದ ವರ್ಷವನ್ನು ಸಂಖ್ಯೆಯಾಗಿ ಬಳಸಬೇಕು. ಷೇಕ್ಸ್‌ಪಿಯರನಿಗೆ 1564 ಎಂಬುದು ನಿರ್ವಿವಾದ. ಪಂಪನಿಗೆ 902 ಎನ್ನಬಹುದು. ಅಲ್ಲಮನಿಗೆ ಏನೆನ್ನುವುದು? ಅಕ್ಕಮಹಾದೇವಿಗೆ? ವಚನವನ್ನು ಕಾವ್ಯವೆನ್ನುವುದೋ ಗದ್ಯವೆನ್ನುವುದೋ ಎಂಬುದು ಬೇರೆಯೇ ಚರ್ಚೆ. ಕಾಲನಿರ್ಣಯವಾಗದ ಕವಿಗಳ ನಾಡಿನಲ್ಲಿ ಹುಟ್ಟಿದವರು ಕಾಲವನ್ನೇ ಕವಿಯ ಗುರುತಾಗಿ ಆರಿಸಿದ್ದು ವಿಚಿತ್ರವೆನಿಸುತ್ತದೆ.

ವರ್ಗೀಕರಣವೆಂದರೆ ಪುಸ್ತಕವನ್ನು ಕಪಾಟಿನಲ್ಲಿ ಎಲ್ಲಿಡಬೇಕೆಂಬ ನಿರ್ಣಯ ಮಾತ್ರವೆಂದು ಬಹಳ ಜನ ತಿಳಿದಿದ್ದಾರೆ. ರಂಗನಾಥನ್ ಅವರ ನಿಜವಾದ ಸಾಧನೆ ಅದರ ಮುಂದಿನ ಹೆಜ್ಜೆಯಲ್ಲಿದೆ. ಓದುಗನು ಗ್ರಂಥಾಲಯಕ್ಕೆ ಸಂಖ್ಯೆಯನ್ನು ಹಿಡಿದುಕೊಂಡು ಬರುವುದಿಲ್ಲ. ಶಬ್ದವನ್ನು ಹಿಡಿದುಕೊಂಡು ಬರುತ್ತಾನೆ. ಅವನ ಶಬ್ದದಿಂದ ಗ್ರಂಥಪಾಲಕನ ಸಂಖ್ಯೆಗೆ ದಾರಿ ಬೇಕು. ಅಂದಿನ ಗ್ರಂಥಾಲಯಗಳಲ್ಲಿ ಇವೆರಡೂ ಬೇರೆ ಬೇರೆ ಕೈಗಳ ಕೆಲಸವಾಗಿದ್ದವು. ಒಬ್ಬನು ಸಂಖ್ಯೆ ಕೊಡುವನು. ಇನ್ನೊಬ್ಬನು ವಿಷಯದ ಹೆಸರನ್ನು ತನಗೆ ತೋಚಿದಂತೆ ಬರೆದು ಸೂಚಿ ಕಾರ್ಡುಗಳ ಪೆಟ್ಟಿಗೆಗೆ ಸೇರಿಸುವನು. ಇಬ್ಬರ ಆಲೋಚನೆಗೂ ಸಂಬಂಧವಿರಲಿಲ್ಲ. 1934ರಲ್ಲಿ ಪ್ರಕಟವಾದ ವರ್ಗೀಕೃತ ಸೂಚಿಯ ಸಂಹಿತೆಯಲ್ಲಿಯೂ 1938ರ ಗ್ರಂಥಸೂಚಿಯ ಸಿದ್ಧಾಂತವೆಂಬ ಪುಸ್ತಕದಲ್ಲಿಯೂ ರಂಗನಾಥನ್ ಇವೆರಡನ್ನೂ ಒಂದೇ ನೊಗಕ್ಕೆ ಹೂಡಿದರು. ಸೂಚಿಗೆ ಎರಡು ಭಾಗ: ಒಂದು ಸಂಖ್ಯೆಯ ಕ್ರಮದ್ದು, ಇನ್ನೊಂದು ಅಕಾರಾದಿ. ಅಕಾರಾದಿಯ ಶಬ್ದಗಳನ್ನು ಮನಸ್ಸಿಗೆ ಬಂದಂತೆ ಬರೆಯದೆ ಸಂಖ್ಯೆಯಿಂದಲೇ ಬಿಡಿಸಿ ತೆಗೆಯಬೇಕು. ಈ ವಿಧಾನಕ್ಕೆ ಸರಪಳಿ ವಿಧಾನವೆಂದು ಹೆಸರು.

ಈ ವಿಧಾನವು ಕೋಲನ್ನಿಗಷ್ಟೇ ಕಟ್ಟುಬಿದ್ದುದಲ್ಲ. ಕಾಲೇಜುಗಳಲ್ಲಿ ಪರಿಚಿತವಾದ ಡ್ಯೂಯಿ ಸಂಖ್ಯೆಯಿಂದಲೇ ಇದನ್ನು ನೋಡಬಹುದು. ಜೋಳದ ಬೇಸಾಯಕ್ಕೆ ಅಲ್ಲಿ 633.174. ಈ ಸಂಖ್ಯೆಯನ್ನು ಕೊನೆಯಿಂದ ಒಂದೊಂದೇ ಕೊಂಡಿ ಕಳಚುತ್ತ ಹೋದರೆ 633.174 ಜೋಳ, 633.1 ಏಕದಳ ಧಾನ್ಯ, 633 ಹೊಲದ ಬೆಳೆ, 630 ಕೃಷಿ, 600 ತಂತ್ರಜ್ಞಾನ ಎಂಬ ಸರಪಳಿ ಕಾಣುತ್ತದೆ. ನಡುವೆ ಬರುವ, ಯಾರೂ ಹೆಸರು ಹಿಡಿದು ಕೇಳದ ಕೊಂಡಿಗಳನ್ನು ಬಿಡಬೇಕು. ಉಳಿದವುಗಳಿಗೆ ಒಂದೊಂದು ಕಾರ್ಡು: ಜೋಳ, ಧಾನ್ಯ, ಕೃಷಿ ಎಂದು ಬರೆದು 633.174, ಧಾನ್ಯ, ಕೃಷಿ ಎಂದು ಬರೆದು 633.1, ಕೃಷಿ ಎಂದಷ್ಟೇ ಬರೆದು 630. ವಿಶೇಷವು ಮೊದಲು, ಸಾಮಾನ್ಯವು ಆಮೇಲೆ. ನಾಲ್ಕು ಶಬ್ದಗಳನ್ನು ಬೇಕಾದ ಹಾಗೆಲ್ಲ ಹಿಂದೆ ಮುಂದೆ ಮಾಡಿ ಬರೆದರೆ ಇಪ್ಪತ್ನಾಲ್ಕು ಕಾರ್ಡುಗಳಾಗುತ್ತವೆ. ಸರಪಳಿಯಲ್ಲಿ ನಾಲ್ಕೇ ಸಾಕು. ಗಣಿತದ ಮೇಷ್ಟರ ಕೈಚಳಕವೆಲ್ಲ ಇಲ್ಲಿದೆ.

ಇದರಿಂದಾಗುವ ಮುಖ್ಯ ಪ್ರಯೋಜನವು ಬೇರೊಂದು. ಕಪಾಟಿನಲ್ಲಿ ಜೋಳದ ಪುಸ್ತಕಗಳೆಲ್ಲ ಒಂದೆಡೆ ಇರುವುದಿಲ್ಲ. ಬೇಸಾಯದ ಪುಸ್ತಕ ಕೃಷಿಯಲ್ಲಿ. ಜೋಳದ ಬೆಲೆ, ಮಾರುಕಟ್ಟೆಗಳನ್ನು ಕುರಿತದ್ದು ಅರ್ಥಶಾಸ್ತ್ರದಲ್ಲಿ, 338.173174ರಲ್ಲಿ, ಜೋಳದ ಅಡುಗೆಯದು 641.63174ರಲ್ಲಿ. ಒಂದು ಕೋಣೆಯ ಮೂರು ಮೂಲೆಗಳು. ಕೊನೆಯಲ್ಲಿ 3174 ಎಂಬ ಬಾಲವು ಮೂರರಲ್ಲಿಯೂ ಇದ್ದರೂ ಅದು ಕಣ್ಣಿಗೆ ಕಾಣುವುದು ಬಲ್ಲವರಿಗೆ ಮಾತ್ರ. ಅಕಾರಾದಿ ಸೂಚಿಯಲ್ಲಿ ಜೋಳವೆಂಬ ಶಬ್ದದ ಕೆಳಗೆ ಈ ಮೂರೂ ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಕಪಾಟು ಚದುರಿಸಿದ್ದನ್ನು ಸೂಚಿಯು ಕೂಡಿಸುತ್ತದೆ. ಸೂಚಿಯು ಚದುರಿಸಿದ್ದನ್ನು ಕಪಾಟು ಕೂಡಿಸುತ್ತದೆ. ಒಂದಿಲ್ಲದೆ ಇನ್ನೊಂದು ಅರ್ಧ ಕುರುಡು.

ಶಬ್ದವೊಂದನ್ನೇ ನಂಬಿದರೆ ಆಗುವ ಅನರ್ಥವು ಗಡಿಭಾಗದವರಿಗೆ ಹೊಸತಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ವಿಜಯಪುರಗಳಲ್ಲಿ ಜೋಳವೆಂದರೆ ರೊಟ್ಟಿಯ ಬಿಳಿಜೋಳ. ಮೈಸೂರು ಕಡೆ ಹೋದರೆ ಅದೇ ಶಬ್ದಕ್ಕೆ ಮೆಕ್ಕೆಜೋಳವೆಂದು ತಿಳಿಯುವವರೂ ಇದ್ದಾರೆ. ಮರಾಠಿಯಲ್ಲಿ ಇದೇ ಧಾನ್ಯ ಜ್ವಾರಿ. ಇಂಗ್ಲಿಷ್ ಪುಸ್ತಕದಲ್ಲಿ ಸೋರ್ಗಮ್. ಶಬ್ದ ನಾಲ್ಕಾದರೂ 633.174 ಒಂದೇ, ಮೆಕ್ಕೆಜೋಳಕ್ಕೆ 633.15 ಎಂಬ ಬೇರೆ ಸಂಖ್ಯೆಯಿರುವುದರಿಂದ ಗೊಂದಲಕ್ಕೆ ಎಡೆಯಿಲ್ಲ. ಸಂಖ್ಯೆಯೂ ಒಂದು ಭಾಷೆ, ಯಾರ ತಾಯ್ನುಡಿಯೂ ಅಲ್ಲದ ಕೃತಕ ಭಾಷೆ ಎಂಬ ವಿಚಾರವನ್ನು ರಂಗನಾಥನ್ ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಬೆಳೆಸಿದ್ದಾರೆ. ಹಲವು ನುಡಿಗಳ ಮದರಾಸು ಪ್ರಾಂತ್ಯದಲ್ಲಿ, ತಮಿಳು, ತೆಲುಗು, ಕನ್ನಡ, ಮಲಯಾಳಗಳ ನಡುವೆ ದುಡಿದವರಿಗೆ ಇದು ಬರಿಯ ತತ್ತ್ವವಾಗಿರಲಾರದು.

ಇಪ್ಪತ್ತು ವರ್ಷಗಳ ಸೇವೆಯ ಬಳಿಕ ವಿಶ್ವವಿದ್ಯಾಲಯದ ಆಡಳಿತದೊಡನೆ ಭಿನ್ನಾಭಿಪ್ರಾಯ ಬೆಳೆದು ಅವರು ಮದರಾಸನ್ನು ಬಿಟ್ಟರು. ಕೆಲವು ಕಾಲ ಮನಸ್ಸು ಕುಗ್ಗಿಹೋಗಿತ್ತು. 1945ರಲ್ಲಿ ಎಸ್. ರಾಧಾಕೃಷ್ಣನ್ ಅವರು ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡರು. ಅಲ್ಲಿ ಅಸ್ತವ್ಯಸ್ತವಾಗಿ ಬಿದ್ದಿದ್ದ ಒಂದು ಲಕ್ಷದಷ್ಟು ಪುಸ್ತಕಗಳನ್ನು ಹೆಚ್ಚು ಕಡಿಮೆ ಒಬ್ಬರೇ ಕುಳಿತು ವರ್ಗೀಕರಿಸಿ ಸೂಚಿ ಮಾಡಿದರು. ಐವತ್ತು ದಾಟಿದ ಮನುಷ್ಯ, ಅಪರಿಚಿತ ಊರು, ಧೂಳು ಹಿಡಿದ ರಾಶಿ. ಇದನ್ನು ತಪಸ್ಸೆನ್ನುವವರಿದ್ದಾರೆ, ನೊಂದ ಮನಸ್ಸಿಗೆ ಅವರು ತಾವೇ ಮಾಡಿಕೊಂಡ ಚಿಕಿತ್ಸೆ ಎನ್ನುವುದು ಹೆಚ್ಚು ಸರಿಯೇನೋ. 1947ರಲ್ಲಿ ಮಾರಿಸ್ ಗ್ವೈಯರ್ ಅವರ ಆಹ್ವಾನದ ಮೇಲೆ ದೆಹಲಿ ವಿಶ್ವವಿದ್ಯಾಲಯಕ್ಕೆ ಬಂದು 1954ರವರೆಗೆ ಅಲ್ಲಿದ್ದರು. ಭಾರತದಲ್ಲಿ ಗ್ರಂಥಾಲಯ ವಿಜ್ಞಾನದ ಮೊದಲ ಪಿಎಚ್.ಡಿ. ಅವರ ಮಾರ್ಗದರ್ಶನದಲ್ಲಿಯೇ ನಡೆಯಿತು; ಅದರ ವಿಷಯವು ಕೃಷಿಯ ಆಳವಾದ ವರ್ಗೀಕರಣ.

ಗ್ರಂಥಾಲಯಕ್ಕೆ ಕಾನೂನಿನ ಆಸರೆ ಬೇಕೆಂದು ಅವರು 1930ರಿಂದಲೇ ಮಾದರಿ ಮಸೂದೆ ಬರೆದು ಓಡಾಡುತ್ತಿದ್ದರು. 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತು. ಸ್ವತಂತ್ರ ಭಾರತದಲ್ಲಿ ಅದೇ ಮೊದಲನೆಯದು. ಆಸ್ತಿ ತೆರಿಗೆಯೊಡನೆ ಸ್ವಲ್ಪ ಗ್ರಂಥಾಲಯ ಕರವನ್ನೂ ವಸೂಲು ಮಾಡಿದರೆ ಮಾತ್ರ ಗ್ರಂಥಾಲಯವು ಯಾರ ಮರ್ಜಿಗೂ ಕಾಯದೆ ಬದುಕೀತೆಂಬುದು ಅವರ ನಿಲುವು. ಮೈಸೂರು ರಾಜ್ಯದ 1965ರ ಕಾಯಿದೆಯಲ್ಲಿ ಈ ಕರವಿದೆ. ಮಹಾರಾಷ್ಟ್ರದ 1967ರ ಕಾಯಿದೆಯಲ್ಲಿ ಇಲ್ಲ, ಅಲ್ಲಿ ಊರೂರಿನ ಗ್ರಂಥಾಲಯಗಳು ಸರ್ಕಾರದ ಅನುದಾನದಿಂದ ನಡೆಯುತ್ತವೆ. ಗಡಿಯ ಆಚೆ ಈಚೆ ಓಡಾಡುವ ಓದುಗರು ಎರಡರ ಫಲವನ್ನೂ ಕಂಡಿದ್ದಾರೆ.

ಅವರ ಸರಪಳಿ ವಿಧಾನಕ್ಕೆ ಅತ್ಯಂತ ದೊಡ್ಡ ಮನ್ನಣೆ ದೊರೆತದ್ದು ಪರದೇಶದಲ್ಲಿ. 1950ರಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಗ್ರಂಥಸೂಚಿಯು ಡ್ಯೂಯಿ ಸಂಖ್ಯೆಗಳನ್ನೂ ರಂಗನಾಥನ್ ಅವರ ಸರಪಳಿಯನ್ನೂ ಜೊತೆಗೂಡಿಸಿ, ಸುಮಾರು ಎರಡು ದಶಕಗಳ ಕಾಲ ಆ ದೇಶದ ಹೊಸ ಪುಸ್ತಕಗಳಿಗೆ ವಿಷಯಸೂಚಿ ಒದಗಿಸಿತು. 1952ರಲ್ಲಿ ಲಂಡನ್ನಿನಲ್ಲಿ ಕೂಡಿದ ವರ್ಗೀಕರಣ ಸಂಶೋಧನ ತಂಡವು ಮುಖವಿಶ್ಲೇಷಣೆಯೇ ಮಾಹಿತಿ ಶೋಧನೆಯ ತಳಹದಿಯೆಂಬ ನಿರ್ಣಯಕ್ಕೆ ಬಂದಿತು. ಸೇಯರ್ಸ್ ಅವರ ಶಿಷ್ಯನಾಗಿ ಹೋದವರು ಸೇಯರ್ಸ್ ಅವರ ದೇಶಕ್ಕೇ ಗುರುವಾದರು.

1954ರಿಂದ ಕೆಲವು ವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದು 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಆ ವರ್ಷವೇ ಪದ್ಮಶ್ರೀ ದೊರೆಯಿತು. ಅದಕ್ಕೂ ಮೊದಲೇ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟು, ಪತ್ನಿಯ ಹೆಸರನ್ನೂ ಸೇರಿಸಿ ಗ್ರಂಥಾಲಯ ವಿಜ್ಞಾನದ ಪೀಠವೊಂದನ್ನು ಸ್ಥಾಪಿಸಿದ್ದರು. ಮನಸ್ತಾಪದಿಂದ ಬಿಟ್ಟುಬಂದ ಸಂಸ್ಥೆಗೇ ಕೊಟ್ಟ ದಾನವೆಂಬುದು ಗಮನಿಸತಕ್ಕದ್ದು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮಹಾಲನೋಬಿಸ್ ಅವರ ಬೆಂಬಲದಿಂದ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಆರಂಭವಾಯಿತು. ಅದರ ಮುಖ್ಯಸ್ಥರಾದಾಗ ಅವರಿಗೆ ಎಪ್ಪತ್ತು. 1965ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು.

ಅವರ ಕೋಲನ್ ವರ್ಗೀಕರಣವು ಗೆಲ್ಲಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಭಾರತದ ಗ್ರಂಥಾಲಯಗಳಲ್ಲಿಯೇ ಬಹುಪಾಲು ಡ್ಯೂಯಿಯನ್ನು ಬಳಸುತ್ತವೆ. ಇದಕ್ಕೆ ಪರದೇಶದ ಮೋಹವೊಂದೇ ಕಾರಣವಲ್ಲ. ಆವೃತ್ತಿಯಿಂದ ಆವೃತ್ತಿಗೆ ಅವರು ಪದ್ಧತಿಯನ್ನು ಬದಲಾಯಿಸುತ್ತಲೇ ಹೋದರು. ನಿನ್ನೆ ಅಂಟಿಸಿದ ಚೀಟಿಯನ್ನು ಇಂದು ಕಿತ್ತು ಬೇರೆ ಅಂಟಿಸಲು ಯಾವ ಗ್ರಂಥಪಾಲಕನಿಗೂ ಕೈ ಬರುವುದಿಲ್ಲ. ಸಂಖ್ಯೆಗಳು ಉದ್ದವಾದವು, ಚಿಹ್ನೆಗಳು ಹೆಚ್ಚಿದವು, ಪರಿಭಾಷೆಯು ಬೆಳೆದು ಅದಕ್ಕೇ ಒಂದು ನಿಘಂಟು ಬೇಕಾಯಿತು. ಏಳನೆಯ ಆವೃತ್ತಿಯು ಅವರು ತೀರಿಕೊಂಡ ಹದಿನೈದು ವರ್ಷಗಳ ಮೇಲೆ, 1987ರಲ್ಲಿ ಹೊರಬಂದಿತು. ಆ ಹೊತ್ತಿಗೆ ಗ್ರಂಥಸೂಚಿಯ ಜಗತ್ತೇ ಬದಲಾಗಿತ್ತು.

ಕಾರ್ಡು ಪೆಟ್ಟಿಗೆಗಳ ಸ್ಥಾನಕ್ಕೆ ಗಣಕಯಂತ್ರ ಬಂದಾಗ ಸೂಚಿ ಮಾಡುವವರು ಮೊದಲು ಮಾಡಿದ್ದು ಕಾರ್ಡಿನಲ್ಲಿದ್ದುದನ್ನೇ ತೆರೆಗೆ ಏರಿಸಿದ್ದು. ಓದುಗರು ಕರ್ತೃವಿನ ಹೆಸರಿನಿಂದಲೋ ಪುಸ್ತಕದ ಹೆಸರಿನಿಂದಲೋ ಹುಡುಕುತ್ತಾರೆಂಬ ಎಣಿಕೆಯಿತ್ತು. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದ ಸಮೀಕ್ಷೆಗಳು ಈ ಎಣಿಕೆಯನ್ನು ಸುಳ್ಳಾಗಿಸಿದವು. ಜನರು ವಿಷಯ ಹಿಡಿದು ಹುಡುಕುತ್ತಿದ್ದರು, ಅದರಲ್ಲಿಯೇ ಹೆಚ್ಚು ಸೋಲುತ್ತಿದ್ದರು. ಆಗ ಕ್ಯಾರೆನ್ ಮಾರ್ಕಿ ಎಂಬ ಸಂಶೋಧಕಿಯ ನೇತೃತ್ವದಲ್ಲಿ 1984ರಿಂದ 1986ರವರೆಗೆ ಒಂದು ಪ್ರಯೋಗ ನಡೆಯಿತು. ಡ್ಯೂಯಿಯ ಪಟ್ಟಿಗಳಲ್ಲಿ ಪ್ರತಿ ಸಂಖ್ಯೆಯ ಎದುರಿಗಿರುವ ವಿವರಣೆಯ ಶಬ್ದಗಳನ್ನೂ ಅದರ ಅನುಕ್ರಮಣಿಕೆಯನ್ನೂ ಗಣಕಸೂಚಿಯೊಳಕ್ಕೆ ಸೇರಿಸಿದರು. ಓದುಗನು ಬರೆದ ಶಬ್ದವು ಪುಸ್ತಕದ ಹೆಸರಿನಲ್ಲಿ ಇಲ್ಲದಿದ್ದರೂ, ಆ ಪುಸ್ತಕದ ಸಂಖ್ಯೆಯ ಹಿಂದಿರುವ ಶಬ್ದಗಳ ಮೂಲಕ ಪುಸ್ತಕವು ಮೇಲೆದ್ದು ಬರುವಂತಾಯಿತು. ವಿಷಯ ಶೀರ್ಷಿಕೆಗಳಿಂದ ಮಾತ್ರ ಸಿಗದಿದ್ದ ಪುಸ್ತಕಗಳು ಹೀಗೆ ಸಿಕ್ಕವು. ಸಂಖ್ಯೆಯಿಂದ ಶಬ್ದವನ್ನು ಬಿಡಿಸಿ ಓದುಗನ ಮುಂದಿಡಬೇಕೆಂದು ಮದರಾಸಿನ ಗಣಿತಜ್ಞರು ಹೇಳಿ ಆಗಲೇ ಅರ್ಧ ಶತಮಾನವಾಗಿತ್ತು.

2006ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಗ್ರಂಥಸೂಚಿಯು ಹೊಸ ರೂಪದಲ್ಲಿ ತೆರೆದುಕೊಂಡಿತು. ಶಬ್ದವೊಂದನ್ನು ಹುಡುಕಿದರೆ ಬಂದ ರಾಶಿಯನ್ನು ವಿಷಯ, ಪ್ರದೇಶ, ಕಾಲ, ಭಾಷೆ, ವರ್ಗ ಸಂಖ್ಯೆ ಎಂದು ಬದಿಯಲ್ಲಿ ಬೇರ್ಪಡಿಸಿ ತೋರಿಸುವುದು ಅದರ ವಿಶೇಷ. ಇಂದು ಅಂತರಜಾಲದಲ್ಲಿ ಸೀರೆ ಕೊಳ್ಳುವವರೂ ಬಣ್ಣ, ಬೆಲೆ, ಊರು ಎಂದು ಒತ್ತುತ್ತ ಆಯ್ಕೆಯನ್ನು ಕಿರಿದು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಆ ಆಯ್ಕೆಗಳನ್ನು ಕರೆಯುವ ಹೆಸರು ರಂಗನಾಥನ್ ಬಳಕೆಗೆ ತಂದ ಅದೇ ಫ್ಯಾಸೆಟ್, ಮುಖ. ಒತ್ತುವವರಿಗೆ ಅವರ ಹೆಸರು ತಿಳಿಯದು.

ನಮ್ಮ ಕಾಲೇಜುಗಳ ಗಣಕಸೂಚಿಗಳು ಇನ್ನೂ ಹಿಂದಿನ ಹಂತದಲ್ಲಿಯೇ ಇವೆ. ಪ್ರತಿ ಪುಸ್ತಕದ ದಾಖಲೆಯಲ್ಲಿಯೂ ವರ್ಗ ಸಂಖ್ಯೆಯುಂಟು, ಆದರೆ ಅದರ ಕೆಲಸ ಕಪಾಟಿನ ವಿಳಾಸ ಹೇಳುವಷ್ಟಕ್ಕೆ ಮುಗಿಯುತ್ತದೆ; ಆ ಸಂಖ್ಯೆಯ ಹಿಂದಿರುವ ಶಬ್ದಗಳು ದಾಖಲೆಯೊಳಗಿಲ್ಲ. ಜೋಳವೆಂದು ಬರೆದರೆ ಕನ್ನಡ ಲಿಪಿಯ ಪುಸ್ತಕವಷ್ಟೇ ಬರುತ್ತದೆ. ಜ್ವಾರಿಯೆಂದು ದೇವನಾಗರಿಯಲ್ಲಿ ಬರೆದರೆ ಬೇರೊಂದು. ಇಂಗ್ಲಿಷಿನಲ್ಲಿ ಬರೆದರೆ ಮತ್ತೊಂದು. ಮೂರೂ ಪುಸ್ತಕಗಳು ಒಂದೇ ಕಪಾಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ, ತೆರೆಯ ಮೇಲೆ ಮಾತ್ರ ಒಂದನ್ನೊಂದು ಅರಿಯವು. ದೊರೆತ ಒಂದು ಪುಸ್ತಕದ ವರ್ಗ ಸಂಖ್ಯೆಯನ್ನು ಬರೆದುಕೊಂಡು, ಹುಡುಕುವ ಜಾಗದಲ್ಲಿ ಸಂಖ್ಯೆಯ ಆಯ್ಕೆಯನ್ನು ಒತ್ತಿ 633.174 ಎಂದು ಮತ್ತೆ ಹುಡುಕಿದರೆ ಉಳಿದೆರಡೂ ಬರುತ್ತವೆ.